ಮಾರಿಕಣಿವೆಯ ನೀರು, ಪೈಥಾನಿನ ಪಟ್ಟಿ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟಿಗೆ ಕಾಗದಪತ್ರದಲ್ಲಿ ವಾಣಿ ವಿಲಾಸ ಸಾಗರ ಎಂದು ಹೆಸರು. ಜನರ ಬಾಯಲ್ಲಿ ಅದು ಮಾರಿಕಣಿವೆ. ಮಾರಿಕಣಿವೆಯಿಂದ ನೀರು ಬಿಟ್ಟರೆ ವಾಣಿ ವಿಲಾಸದ ಮಟ್ಟ ಇಳಿಯುತ್ತದೆಯೇ ಎಂದು ಹಿರಿಯೂರಿನಲ್ಲಿ ಕೇಳಿದರೆ ನಕ್ಕಾರು. ಇದೇ ಪ್ರಶ್ನೆಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೇಳಿದರೆ ಹೊಸಬರಷ್ಟೇ ಅಲ್ಲ, ವರ್ಷಗಟ್ಟಲೆ ಕೋಡ್ ಬರೆದವರೂ ಒಮ್ಮೊಮ್ಮೆ ಎಡವುತ್ತಾರೆ.

ವಾಣಿವಿಲಾಸ = [130]
ಮಾರಿಕಣಿವೆ = ವಾಣಿವಿಲಾಸ
ಮಾರಿಕಣಿವೆ[0] = 125
ವಾಣಿವಿಲಾಸ

130 ಎಂಬುದು ಜಲಾಶಯದ ಪೂರ್ಣ ಮಟ್ಟ, ಅಡಿಗಳಲ್ಲಿ. ಚೌಕ ಕಂಸದೊಳಗೆ ಇಟ್ಟದ್ದು ಪಟ್ಟಿ (ಲಿಸ್ಟ್). ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಹೆಸರಿನ ಬೆನ್ನಿಗಿರುವ [0] ಎಂದರೆ ಪಟ್ಟಿಯ ಮೊದಲ ಅಂಶ. ಈ ನಾಲ್ಕು ಸಾಲನ್ನು ಇದ್ದಂತೆಯೇ ಪೈಥಾನ್ 3ರ ಕಿಟಕಿಯಲ್ಲಿ ಟೈಪ್ ಮಾಡಬಹುದು. 2008ರ ಡಿಸೆಂಬರಿನಲ್ಲಿ ಬಂದ 3.0 ಆವೃತ್ತಿಯಿಂದ ವೇರಿಯಬಲ್ಲಿಗೆ ಕನ್ನಡದ ಹೆಸರಿಡಲು ಅಡ್ಡಿಯಿಲ್ಲ. ಎರಡು ಕಡೆ ಮಾತ್ರ ಹುಷಾರಾಗಿರಬೇಕು. ಕೋಡಿನೊಳಗೆ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ೧೩೦ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಉದ್ಧರಣ ಚಿಹ್ನೆಯೊಳಗೆ "೧೩೦" ಎಂದು ಕೊಟ್ಟು ಇಂಟ್ ಎಂಬ ಫಂಕ್ಷನ್ನಿಗೆ ದಾಟಿಸಿದರೆ ಮಾತ್ರ ಅದು ಸಲೀಸಾಗಿ 130 ಎಂದು ಓದಿಕೊಳ್ಳುತ್ತದೆ! ಇನ್ನೊಂದು, ಅರ್ಧಾಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲೆಂದು ಕೀಲಿಮಣೆ ಸೇರಿಸುವ ಕಣ್ಣಿಗೆ ಕಾಣದ ಗುರುತು. ಹೆಸರಿನ ನಡುವೆ ಅದು ನುಸುಳಿದರೆ ಪೈಥಾನ್ ಒಪ್ಪುವುದಿಲ್ಲ. ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಎರರ್ ಬರುತ್ತಿದ್ದರೆ ಮೊದಲು ಇದರ ಮೇಲೆ ಅನುಮಾನ ಪಡಿ.

ಉತ್ತರ [125]. ನೀರು ಇಳಿದದ್ದು ಎರಡೂ ಹೆಸರಿನಲ್ಲಿ ಕಾಣುತ್ತದೆ, ಏಕೆಂದರೆ ಅಲ್ಲಿರುವುದು ಒಂದೇ ಪಟ್ಟಿ. ಈಗ ಇನ್ನೊಂದು ಸಾಲು:

ಮಾರಿಕಣಿವೆ = [27]

ವಾಣಿವಿಲಾಸ ಏನಾಯಿತು? ಏನೂ ಆಗಲಿಲ್ಲ, [125] ಆಗಿಯೇ ಉಳಿಯಿತು. ಈ ಸಲ ಮುಟ್ಟಿದ್ದು ನೀರನ್ನಲ್ಲ. ಮಾರಿಕಣಿವೆ ಎಂಬ ಬೋರ್ಡನ್ನು ಕಿತ್ತುಕೊಂಡು ಹೋಗಿ ಚನ್ನಗಿರಿಯ ಶಾಂತಿಸಾಗರದ ದಂಡೆಗೆ ನೆಟ್ಟ ಹಾಗಾಯಿತು. ಒಂದೇ ಸಮ ಚಿಹ್ನೆ ಎರಡು ಬೇರೆ ಕೆಲಸ ಮಾಡುತ್ತದೆ ಎಂಬುದೇ ಇಲ್ಲಿನ ಗುಟ್ಟು. ಎಡಗಡೆ ಬರೀ ಹೆಸರಿದ್ದರೆ ಬೋರ್ಡು ಜಾಗ ಬದಲಿಸುತ್ತದೆ. ಎಡಗಡೆ ಹೆಸರಿನ ಬೆನ್ನಿಗೆ ಚೌಕ ಕಂಸವಿದ್ದರೆ ಪಟ್ಟಿಯ ಒಡಲೇ ಬದಲಾಗುತ್ತದೆ.

ಹೀಗೆ ಮಾಡಿಟ್ಟದ್ದು ಸೋಮಾರಿತನದಿಂದಲ್ಲ. ಪೈಥಾನಿನ ರೂಪಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಬಳಸುವ ಸಿಪೈಥಾನಿನಲ್ಲಿ ಪಟ್ಟಿಯೆಂದರೆ ಅಂಶಗಳು ಮೆಮೊರಿಯಲ್ಲಿ ಎಲ್ಲಿವೆ ಎಂದು ಹೇಳುವ ವಿಳಾಸಗಳ ಸಾಲು. 64 ಬಿಟ್ ಯಂತ್ರದಲ್ಲಿ ಒಂದೊಂದು ವಿಳಾಸಕ್ಕೆ 8 ಬೈಟ್. ಒಂದು ಲಕ್ಷ ಅಂಶಗಳ ಪಟ್ಟಿಯನ್ನು ನಕಲು ಮಾಡಿದರೆ ವಿಳಾಸಗಳಿಗೇ 8 ಲಕ್ಷ ಬೈಟ್ ಬೇಕು. ಹೆಸರು ಕೊಡುವುದಾದರೆ ಒಂದೇ ಒಂದು ವಿಳಾಸ ಸಾಕು, ಪಟ್ಟಿಯಲ್ಲಿ ಆರು ಅಂಶವಿರಲಿ, ಆರು ಲಕ್ಷವಿರಲಿ.

ಇದನ್ನು ಪರೀಕ್ಷಿಸುವ ಕೆಲಸ ಮಾತ್ರ ಕಾಣುವಷ್ಟು ಸುಲಭವಲ್ಲ. ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಇನ್ನೊಂದು ಕೋಡ್) ಬರೆಯುವವರು ತಾವು ಬದಲಿಸಿದ ಹೆಸರನ್ನೇ ಮತ್ತೆ ನೋಡುತ್ತಾರೆ. ನೋಡಬೇಕಾದದ್ದು ಮುಟ್ಟದೆ ಬಿಟ್ಟ ಹೆಸರನ್ನು. ಅವಿಭಜಿತ ಚಿತ್ರದುರ್ಗ ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕುಗಳಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರು ಆ ಕಡೆ ಹೋದವು. ಹೋದ ಮೂರನ್ನು ಕೊನೆಗಿಟ್ಟು ಪಟ್ಟಿ ಮಾಡೋಣ:

ಜಿಲ್ಲೆ = ["ಚಿತ್ರದುರ್ಗ", "ಚಳ್ಳಕೆರೆ", "ಹಿರಿಯೂರು", "ಹೊಳಲ್ಕೆರೆ", "ಹೊಸದುರ್ಗ", "ಮೊಳಕಾಲ್ಮೂರು", "ದಾವಣಗೆರೆ", "ಹರಿಹರ", "ಜಗಳೂರು"]
ಅವಿಭಜಿತ = ಜಿಲ್ಲೆ

ಇನ್ನು ವಿಭಜನೆ. ಅದನ್ನು ಎರಡು ರೀತಿಯಲ್ಲಿ ಬರೆಯಬಹುದು. ಎರಡರಲ್ಲೂ ಬರುವ ಜೋಡಿ ಚುಕ್ಕೆ (:) ಪಟ್ಟಿಯ ಒಂದು ತುಂಡನ್ನು, ಅಂದರೆ ಸ್ಲೈಸನ್ನು ಹೇಳುತ್ತದೆ. [6:] ಎಂದರೆ ಮೊದಲ ಆರು ಬಿಟ್ಟು ಉಳಿದವು, [:6] ಎಂದರೆ ಮೊದಲ ಆರು. ಮೊದಲನೆಯದು:

ಜಿಲ್ಲೆ[6:] = []

ಎರಡನೆಯದು:

ಜಿಲ್ಲೆ = ಜಿಲ್ಲೆ[:6]

ಯಾವುದನ್ನು ಓಡಿಸಿದರೂ ಜಿಲ್ಲೆಯಲ್ಲಿ ಆರು ತಾಲ್ಲೂಕು ಉಳಿಯುತ್ತವೆ. ಜಿಲ್ಲೆಯನ್ನಷ್ಟೇ ನೋಡುವ ಟೆಸ್ಟ್ ಎರಡಕ್ಕೂ ಪಾಸ್ ಕೊಡುತ್ತದೆ. ವ್ಯತ್ಯಾಸವಿರುವುದು ಅವಿಭಜಿತ ಎಂಬ ಹೆಸರಿನಲ್ಲಿ. ಎರಡನೆಯ ದಾರಿಯಲ್ಲಿ ಅದರೊಳಗೆ ಒಂಬತ್ತೂ ಭದ್ರವಾಗಿವೆ. ಮೊದಲನೆಯ ದಾರಿಯಲ್ಲಿ ಅಲ್ಲೂ ಆರೇ ಉಳಿದು, 1997ಕ್ಕಿಂತ ಹಿಂದಿನ ಚರಿತ್ರೆ ಸದ್ದಿಲ್ಲದೆ ಅಳಿಸಿಹೋಗಿರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಎರಡು ಊಹೆಗಳಲ್ಲಿ ಯಾವುದು ನಿಜವೆಂದು ತಿಳಿಯಬೇಕಾದರೆ ಎರಡೂ ಬೇರೆ ಬೇರೆ ಉತ್ತರ ಕೊಡುವ ಜಾಗದಲ್ಲಿ ನಿಂತು ನೋಡಬೇಕು. ಲ್ಯಾಬಿನಲ್ಲಿ ನಡೆಯುವ ಪ್ರಯೋಗಕ್ಕೂ ಲೆಕ್ಕ ಇದೇ.

ಸಮವೋ ಎಂದು ಕೇಳುವ ಜೋಡಿ ಚಿಹ್ನೆ (==) ಕೂಡ ಇಲ್ಲಿ ಕೈಕೊಡುತ್ತದೆ. ಅದು ಒಳಗಿನ ಸಾಮಗ್ರಿ ಒಂದೇ ಥರ ಇದೆಯೇ ಎಂದಷ್ಟೇ ಹೇಳುತ್ತದೆ. ನಕಲಿಗೂ ಅಸಲಿಗೂ ಅದರ ಕಣ್ಣಲ್ಲಿ ಭೇದವಿಲ್ಲ. ಇವೆರಡೂ ಒಂದೇ ವಸ್ತುವೋ ಎಂದು ಕೇಳಬೇಕಾದರೆ ಈಸ್ (is) ಎಂಬ ಪದ ಬಳಸಬೇಕು. ಪೈಥಾನಿನ ಜೊತೆಗೇ ಬರುವ ಟೆಸ್ಟ್ ಸಲಕರಣೆಯಾದ ಯೂನಿಟ್‌ಟೆಸ್ಟ್ ಬಳಸುವವರಿಗೆ ಅಸರ್ಟ್‌ಈಕ್ವಲ್ ಮತ್ತು ಅಸರ್ಟ್‌ಈಸ್ ಎಂಬ ಎರಡು ಬೇರೆ ಸೌಕರ್ಯಗಳಿವೆ. ಈಸ್ ಅನ್ನು ಸಂಖ್ಯೆಗಳ ಮೇಲೆ ಪ್ರಯೋಗಿಸಿ ತೀರ್ಮಾನಕ್ಕೆ ಬರಬಾರದು. ಸಿಪೈಥಾನ್ -5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಮೊದಲೇ ಮಾಡಿಟ್ಟುಕೊಂಡು ಅವನ್ನೇ ಎಲ್ಲರಿಗೂ ಹಂಚುತ್ತದೆ, ಹಾಗಾಗಿ 130 ಎಲ್ಲೆಲ್ಲೂ ಅದೇ 130. ಐಡಿ ಫಂಕ್ಷನ್ ಕೊಡುವ ಗುರುತಿನ ಸಂಖ್ಯೆಯೂ ಹಾಗೆಯೇ. ಹೆಸರಿಲ್ಲದ ಎರಡು ಖಾಲಿ ಪಟ್ಟಿಗಳ ಐಡಿಯನ್ನು ಒಂದರ ಹಿಂದೊಂದು ಕೇಳಿದರೆ ಎರಡೂ ಒಂದೇ ಎಂದು ಬರಬಹುದು. ಮೊದಲನೆಯದು ಸತ್ತು, ಅದರ ಜಾಗದಲ್ಲಿ ಎರಡನೆಯದು ಹುಟ್ಟಿರುತ್ತದೆ ಅಷ್ಟೆ. ಹೋಲಿಸಬೇಕಾದ ಪಟ್ಟಿಗಳಿಗೆ ಹೆಸರು ಕೊಟ್ಟು ಜೀವಂತ ಇಟ್ಟುಕೊಂಡೇ ಕೇಳಬೇಕು.

ಇನ್ನು ಹೊಸ ಜಿಲ್ಲೆಯ ಪಟ್ಟಿ. ಶಿವಮೊಗ್ಗದಿಂದ ಎರಡು, ಬಳ್ಳಾರಿಯಿಂದ ಒಂದು ತಾಲ್ಲೂಕು ಬಂದು ಸೇರಿದವು:

ದಾವಣಗೆರೆ = ["ದಾವಣಗೆರೆ", "ಹರಿಹರ", "ಜಗಳೂರು", "ಹೊನ್ನಾಳಿ", "ಚನ್ನಗಿರಿ", "ಹರಪನಹಳ್ಳಿ"]

2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿತು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಈಗ ತಾಲ್ಲೂಕು. ಒಂದನ್ನು ತೆಗೆದು ಆ ಜಾಗಕ್ಕೆ ಇನ್ನೊಂದನ್ನು ಇಡಲು ಮೂರು ಬರವಣಿಗೆ ನೋಡಿ:

ದಾವಣಗೆರೆ[5] = "ನ್ಯಾಮತಿ"
ದಾವಣಗೆರೆ[5:6] = ["ನ್ಯಾಮತಿ"]
ದಾವಣಗೆರೆ[5:6] = "ನ್ಯಾಮತಿ"

ಮೊದಲಿನ ಎರಡೂ ಸರಿ. ಮೂರನೆಯದೂ ಎರರ್ ಇಲ್ಲದೆ ಓಡುತ್ತದೆ, ಆದರೆ ಪಟ್ಟಿಯ ಉದ್ದ 12 ಆಗುತ್ತದೆ! ಸ್ಲೈಸಿಗೆ ಏನೇ ಕೊಟ್ಟರೂ ಅದನ್ನು ಬಿಡಿಸಿ ಒಳಗಿನದ್ದನ್ನು ಒಂದೊಂದಾಗಿ ಸೇರಿಸುವುದು ಪೈಥಾನಿನ ನಿಯಮ. ಪದವನ್ನು ಬಿಡಿಸಿದರೆ ಯೂನಿಕೋಡ್ ಚೂರುಗಳು ಸಿಗುತ್ತವೆ. ನಮ್ಮ ಕಿವಿಗೆ ನ್ಯಾ, ಮ, ತಿ ಎಂದು ಮೂರೇ ಅಕ್ಷರವಾದರೂ ಯೂನಿಕೋಡಿನ ಲೆಕ್ಕದಲ್ಲಿ ನ, ಹಲಂತದ ಗುರುತು, ಯ, ದೀರ್ಘದ ಗುರುತು, ಮ, ತ, ಗುಡಿಸು ಸೇರಿ ಏಳು. ಹಳೆಯ ಐದು ತಾಲ್ಲೂಕು, ಜೊತೆಗೆ ಈ ಏಳು ಚೂರು. ಆದ್ದರಿಂದ ಕನ್ನಡದ ದತ್ತಾಂಶವಿರುವ ಕಡೆ ಉದ್ದವನ್ನು ಪರೀಕ್ಷಿಸುವ ಒಂದು ಸಾಲು ಇರಲೇಬೇಕು.

ಸ್ಲೈಸಿನ ಧಾರಾಳತನ ಇಷ್ಟಕ್ಕೇ ಮುಗಿಯುವುದಿಲ್ಲ. ಆರೇ ಅಂಶವಿರುವ ಪಟ್ಟಿಯಲ್ಲಿ 50ನೇ ಜಾಗಕ್ಕೆ ನೇರವಾಗಿ ಬರೆಯಹೋದರೆ ಇಂಡೆಕ್ಸ್‌ಎರರ್. ಅದೇ [50:] ಎಂದು ಬರೆದರೆ ಕೊಟ್ಟದ್ದು ತೆಪ್ಪಗೆ ಕೊನೆಗೆ ಅಂಟಿಕೊಳ್ಳುತ್ತದೆ. ಒಂದು ಬಿಟ್ಟು ಒಂದು ಎನ್ನುವ [::2] ಮಾತ್ರ ಕಟ್ಟುನಿಟ್ಟು. ಆರು ಅಂಶದ ಪಟ್ಟಿಯಲ್ಲಿ ಅಲ್ಲಿಗೆ ಮೂರನ್ನೇ ಕೊಡಬೇಕು. ಎರಡು ಕೊಟ್ಟರೂ ನಾಲ್ಕು ಕೊಟ್ಟರೂ ವ್ಯಾಲ್ಯೂಎರರ್ ಬರುತ್ತದೆ.

ಕೂಡಿಸಿ ಇಡುವ ಚಿಹ್ನೆ (+=) ನೋಡಲು ಸಂಕ್ಷೇಪದಂತಿದ್ದರೂ ಸಂಕ್ಷೇಪವಲ್ಲ. ದಾವಣಗೆರೆ += ["ನ್ಯಾಮತಿ"] ಎಂದರೆ ಇದ್ದ ಪಟ್ಟಿಯೇ ಬೆಳೆಯುತ್ತದೆ, ಅದಕ್ಕೆ ಇನ್ನೊಂದು ಹೆಸರಿದ್ದರೆ ಅಲ್ಲೂ ಬೆಳೆದದ್ದು ಕಾಣುತ್ತದೆ. ದಾವಣಗೆರೆ = ದಾವಣಗೆರೆ + ["ನ್ಯಾಮತಿ"] ಎಂದರೆ ಹೊಸ ಪಟ್ಟಿ ಹುಟ್ಟಿ ಬೋರ್ಡು ಅಲ್ಲಿಗೆ ಹೋಗುತ್ತದೆ, ಇನ್ನೊಂದು ಹೆಸರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಈ ಚಿಹ್ನೆಯ ಚೇಷ್ಟೆಗಳಲ್ಲೆಲ್ಲ ದೊಡ್ಡದು ದುಂಡು ಕಂಸದಲ್ಲಿ ಬರೆಯುವ ಟಪಲ್ ಎಂಬ ಸಾಲಿನೊಳಗೆ ಪಟ್ಟಿ ಇಟ್ಟಾಗ ಕಾಣುತ್ತದೆ:

ಕಟ್ಟು = (["ಹೊನ್ನಾಳಿ"], 1997)
ಕಟ್ಟು[0] += ["ನ್ಯಾಮತಿ"]

ಟಪಲ್ ಬದಲಾಗದ ವಸ್ತು. ಹಾಗಾಗಿ ಟೈಪ್‌ಎರರ್ ಬರುತ್ತದೆ. ಬಂದ ಮೇಲೆ ಕಟ್ಟು ಎಂದು ಟೈಪ್ ಮಾಡಿ ನೋಡಿದರೆ ಪಟ್ಟಿಯೊಳಗೆ ನ್ಯಾಮತಿ ಕೂತಾಗಿದೆ. ಈ ಒಂದು ಸಾಲು ಒಳಗೆ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲು ಪಟ್ಟಿ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ, ಇದಕ್ಕೆ ಅಡ್ಡಿಯಿಲ್ಲ. ಆಮೇಲೆ ಬಂದ ಫಲವನ್ನು ಟಪಲಿನ ಸೊನ್ನೆಯ ಮನೆಗೆ ವಾಪಸು ಇಡಲು ಹೋಗುತ್ತದೆ, ಇಲ್ಲಿ ಬಾಗಿಲು ಹಾಕಿದೆ. ಎರರ್ ಬಂತೋ ಇಲ್ಲವೋ ಎಂದಷ್ಟೇ ನೋಡಿ ಮುಗಿಸುವ ಟೆಸ್ಟಿಗೆ ಇದು ಎಂದೂ ಸಿಕ್ಕಿಬೀಳುವುದಿಲ್ಲ. ಎರರ್ ಬಂದ ನಂತರ ಸಾಮಾನು ಹೇಗಿದೆ ಎಂದೂ ನೋಡಬೇಕು.

ಪಟ್ಟಿಯೊಳಗೆ ಪಟ್ಟಿ ಇದ್ದಾಗ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಚಿತ್ರದುರ್ಗದ ಆರು ತಾಲ್ಲೂಕಿನ ಮೂರು ತಿಂಗಳ ಮಳೆ ಬರೆದುಕೊಳ್ಳಲು ಖಾಲಿ ಕೋಷ್ಟಕ ಬೇಕು ಅಂದುಕೊಳ್ಳಿ:

ಮಳೆ = [[0] * 3] * 6
ಮಳೆ[1][0] = 42

ಚಳ್ಳಕೆರೆಯಲ್ಲಿ ಬಿದ್ದ 42 ಮಿಲಿಮೀಟರ್ ಆರೂ ತಾಲ್ಲೂಕಿನಲ್ಲಿ ದಾಖಲಾಗುತ್ತದೆ. ಹೊರಗಿನ ಗುಣಾಕಾರ ಆರು ಸಾಲುಗಳನ್ನು ಮಾಡಲಿಲ್ಲ, ಒಂದೇ ಸಾಲಿನ ವಿಳಾಸವನ್ನು ಆರು ಸಲ ಬರೆಯಿತು. ಹಾಗಾದರೆ ಒಳಗಿನ [0] * 3 ಏಕೆ ತೊಂದರೆ ಕೊಡುವುದಿಲ್ಲ? ಅಲ್ಲಿಯೂ ಒಂದೇ ಸೊನ್ನೆಯ ವಿಳಾಸ ಮೂರು ಸಲ ಇದೆ. ಆದರೆ ಸೊನ್ನೆಯನ್ನು ತಿದ್ದಲು ಬರುವುದಿಲ್ಲ, ಅದರ ಜಾಗಕ್ಕೆ ಬೇರೆ ಸಂಖ್ಯೆಯ ವಿಳಾಸವನ್ನು ಇಡಬಹುದಷ್ಟೆ. ಕೋಷ್ಟಕ ಸರಿಯಾಗಿ ತಯಾರಾಯಿತೇ ಎಂದು ನೋಡಲು ಎಲ್ಲ ಸೊನ್ನೆ ಇದೆಯೇ ಎಂಬ ಟೆಸ್ಟ್ ಬರೆದರೆ ಅದು ಪಾಸಾಗುತ್ತದೆ, ದೋಷ ಉಳಿಯುತ್ತದೆ. ಒಂದು ಮನೆಗೆ 42 ಹಾಕಿ, ಪಕ್ಕದ ಸಾಲಿನ ಅದೇ ಮನೆಯಲ್ಲಿ ಸೊನ್ನೆ ಇದೆಯೇ ಎಂದು ನೋಡುವುದು ಸರಿಯಾದ ಟೆಸ್ಟ್. ಪರಿಹಾರವೂ ಸರಳ: ಗುಣಿಸುವ ಬದಲು ಲೂಪಿನಲ್ಲಿ ಸಾಲಿಗೊಂದು ಹೊಸ [0] * 3 ಮಾಡಿಸುವುದು.

ನಕಲಿನಲ್ಲೂ ಇದೇ ಕಥೆ. ಸಾಲುಗಳು ಬೇರೆ ಬೇರೆ ಇರುವ ಕೋಷ್ಟಕವನ್ನು ಪ್ರತಿ = ಮಳೆ[:] ಎಂದು ನಕಲಿಸಿದರೆ ಹೊರಗಿನ ಪಟ್ಟಿ ಮಾತ್ರ ಹೊಸದು, ಒಳಗಿನ ಸಾಲುಗಳು ಹಳೆಯವೇ. ಪ್ರತಿ[1] = [42, 0, 0] ಎಂದರೆ ಮಳೆಗೆ ಏನೂ ಆಗುವುದಿಲ್ಲ, ಅದರ ಬದಲು ಪ್ರತಿ[1][0] = 42 ಎಂದರೆ ಮಳೆಯೂ ಬದಲಾಗುತ್ತದೆ. ಟೆಸ್ಟಿನಲ್ಲಿ ಎರಡನ್ನೂ ಬರೆಯಬೇಕು, ಮೊದಲನೆಯದನ್ನೊಂದೇ ಬರೆದು ನಕಲು ಪೂರ್ತಿ ಎಂದು ನಂಬಿದವರು ಬಹಳ. ಆಳದವರೆಗೂ ನಕಲು ಬೇಕಾದರೆ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ ಇದೆ. ಅದು ನಿಧಾನ, ಹೋದಲ್ಲೆಲ್ಲ ಬಳಸುವಂಥದ್ದಲ್ಲ.

ಫಂಕ್ಷನ್ನಿಗೆ ಏನೂ ಕೊಡದೆ ಕರೆದಾಗ ಬಳಕೆಯಾಗುವ ಡೀಫಾಲ್ಟ್ ಬೆಲೆಯಾಗಿ ಖಾಲಿ ಪಟ್ಟಿ ಕೊಟ್ಟರೆ ಆ ಪಟ್ಟಿ ಹುಟ್ಟುವುದು ಫಂಕ್ಷನ್ ಬರೆದ ಸಾಲು ಓಡಿದಾಗ, ಒಂದೇ ಸಲ. ಪ್ರತಿ ಕರೆಯಲ್ಲೂ ಅದೇ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಒಮ್ಮೆ ಕರೆದು ನೋಡುವ ಟೆಸ್ಟಿಗೆ ಇದು ಕಾಣದು, ಎರಡು ಸಲ ಕರೆಯಬೇಕು. ಟೆಸ್ಟುಗಳೇ ಒಂದು ಪಟ್ಟಿಯನ್ನು ಹಂಚಿಕೊಂಡಿದ್ದರೂ ಇಂಥದ್ದೇ ಪೇಚು: ಒಂಟಿಯಾಗಿ ಓಡಿಸಿದರೆ ಪಾಸ್, ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಫೇಲ್. ಪ್ರತಿ ಟೆಸ್ಟಿನ ಮೊದಲಿಗೆ ಪಟ್ಟಿಯನ್ನು ಹೊಸದಾಗಿ ಕಟ್ಟಿಕೊಳ್ಳಿ.

ಎಡಗಡೆ ಹಲವು ಹೆಸರಿದ್ದಾಗ ಬಲಗಡೆಯದು ಪೂರ್ತಿ ಲೆಕ್ಕವಾದ ಮೇಲೆಯೇ ಹಂಚಿಕೆ ಶುರುವಾಗುತ್ತದೆ. ಅದಕ್ಕೇ ಅ, ಬ = ಬ, ಅ ಎಂದರೆ ಅದಲುಬದಲು ಸರಿಯಾಗಿ ಆಗುತ್ತದೆ. ಹಂಚಿಕೆ ಮಾತ್ರ ಎಡದಿಂದ ಬಲಕ್ಕೆ, ಒಂದೊಂದಾಗಿ:

ಕ್ರಮ = 0
ಪಟ್ಟಿ = [0, 1]
ಕ್ರಮ, ಪಟ್ಟಿ[ಕ್ರಮ] = 1, 2

ಪಟ್ಟಿ ಈಗ [0, 2]. ಕ್ರಮ ಮೊದಲು 1 ಆಯಿತು, ಆಮೇಲೆ ಆ ಹೊಸ ಕ್ರಮದ ಮನೆಗೆ 2 ಹೋಯಿತು. ಮನೆಗೆ ತಕ್ಕಷ್ಟು ಸಾಮಾನು ಇಲ್ಲದಿದ್ದರೆ ಪೈಥಾನ್ ವ್ಯಾಲ್ಯೂಎರರ್ ಕೊಟ್ಟು ನಿಲ್ಲುತ್ತದೆ. ಪರ್ಲ್ ಎಂಬ ಇನ್ನೊಂದು ಭಾಷೆ ಹಾಗಲ್ಲ. ಅಲ್ಲಿ ಎರಡು ಹೆಸರಿಗೆ ಮೂರು ಬೆಲೆ ಕೊಟ್ಟರೆ ಮೂರನೆಯದು ಮಾತಿಲ್ಲದೆ ಬಿದ್ದುಹೋಗುತ್ತದೆ. ಎಷ್ಟು ಹಂಚಿದೆ ಎಂದು ಕೇಳಿದರೆ ಬಲಗಡೆಯ ಎಣಿಕೆಯನ್ನೇ ಹೇಳುತ್ತದೆ, ಮೂರು ಎಂದು.

ಭಾಷೆ ಬದಲಿಸುವವರಿಗೆ ಅಪಾಯ ಇರುವುದೇ ಇಲ್ಲಿ. ಪರ್ಲಿನಲ್ಲಿ ಒಂದು ಅರೇಯನ್ನು (ಪಟ್ಟಿಗೆ ಅಲ್ಲಿನ ಹೆಸರು) ಇನ್ನೊಂದಕ್ಕೆ ಸಮ ಎಂದು ಬರೆದರೆ ನಕಲೇ ಆಗುತ್ತದೆ. ಪಿಎಚ್‌ಪಿ, ಆರ್ ಎರಡರಲ್ಲೂ ತಿದ್ದುವ ಹೊತ್ತಿಗೆ ನಕಲಾಗುತ್ತದೆ. ಜಾವಾಸ್ಕ್ರಿಪ್ಟ್ ಮತ್ತು ರೂಬಿ ಪೈಥಾನಿನ ಹಾಗೆ, ಮಾರಿಕಣಿವೆಯ ಲೆಕ್ಕ. ಪೈಥಾನಿನೊಳಗೇ ಸಂಖ್ಯೆಗಳ ಲೆಕ್ಕಕ್ಕೆಂದು ಬಳಸುವ ನಂಪೈ ಲೈಬ್ರರಿಯ ಅರೇಗೆ ಬಂದರೆ ಕಲಿತ [:] ತಿರುಗುಮುರುಗಾಗುತ್ತದೆ. ಅಲ್ಲಿ ಸ್ಲೈಸ್ ತೆಗೆದರೆ ಸಿಗುವುದು ನಕಲಲ್ಲ, ಮೂಲಕ್ಕೇ ತೆರೆದ ಕಿಟಕಿ. ಅದರಲ್ಲಿ ಬರೆದದ್ದು ಮೂಲದಲ್ಲೂ ಬೀಳುತ್ತದೆ. ಪಟ್ಟಿಗಾಗಿ ಬರೆದ ಫಂಕ್ಷನ್ನಿಗೆ ಮುಂದೊಂದು ದಿನ ನಂಪೈ ಅರೇ ಬಂದೀತು ಎಂಬ ಸಂಶಯವಿದ್ದರೆ, ಅದೇ ಟೆಸ್ಟನ್ನು ಪಟ್ಟಿಯೊಂದಿಗೆ ಒಮ್ಮೆ, ಅರೇಯೊಂದಿಗೆ ಒಮ್ಮೆ ಓಡಿಸಿ, ಎರಡೂ ಸಲ ಮೂಲವನ್ನೇ ನೋಡಿ.