ರಾತ್ರಿ ಮಗುವಿನ ಬಳಿ ಯಾರಿರುತ್ತಾರೆ?

"ಮೊದಲು ಹೆರಿಗೆ ಆಗಲಿ ಮೇಡಂ, ಮತ್ತೆ ನೋಡೋಣ."

ಬಾಣಂತನದಲ್ಲಿ ತಾಯಿ, ಮಗುವನ್ನು ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಅಪಾಯ ಬಂದರೆ ಏನು ಏರ್ಪಾಡು ಎಂದು ಗರ್ಭಿಣಿಯ ಮನೆಯವರನ್ನು ಕೇಳಿದಾಗ, ಉಡುಪಿಯಲ್ಲಿ ಹೆರಿಗೆ ವಿಭಾಗದ ಸಮಾಜ ಕಾರ್ಯಕರ್ತೆಯಾಗಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಹೇಳುವವರು ಕೆಟ್ಟವರಲ್ಲ. ಬಯಕೆ ಶಾಸ್ತ್ರ ಮಾಡಿ, ಮಡಿಲು ತುಂಬಿ, ಹೂ ಮುಡಿಸಿದ ಕೈಗಳೇ ಅವು. ಮಗು ಹುಟ್ಟುವ ಮೊದಲು ತೊಟ್ಟಿಲು ತರಬಾರದು ಎಂಬ ನಂಬಿಕೆಯ ಜೊತೆಗೆ ಇದನ್ನೂ ಸೇರಿಸಿಕೊಂಡಿದ್ದಾರೆ. ತೊಟ್ಟಿಲನ್ನು ಆಮೇಲೆ ತರಬಹುದು. ಈ ಏರ್ಪಾಡನ್ನು ಆಮೇಲೆ ಮಾಡಲು ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಂದು ಮನೆಯವರು ಅದೇ ಮಾತು ಹೇಳುತ್ತಾರೆ.

ಲೆಕ್ಕ ಹಾಕಿ ನೋಡಿ. ತಾಯಿ ಕಾರ್ಡ್ ಮಾಡಿಸಿದ ದಿನದಿಂದ ಹೆರಿಗೆಯ ತನಕ ತಿಂಗಳುಗಟ್ಟಲೆ ಸಮಯವಿದೆ. ಸಹಜ ಹೆರಿಗೆಯಾದರೆ ಎರಡು ಮೂರು ದಿನಗಳಲ್ಲಿ ಬಾಣಂತಿ ಮನೆಗೆ ಹೊರಡುತ್ತಾಳೆ. ಆ ದಿನಗಳಲ್ಲಿ ಹೊಲಿಗೆಯ ನೋವು, ಮಗು ಹಾಲು ಕುಡಿಯುತ್ತಿಲ್ಲ ಎಂಬ ಗಾಬರಿ, ಮಂಚದ ಸುತ್ತ ನೆಂಟರು. ಅಲ್ಲಿ ಕುಳಿತು, "ಮನೆಯಲ್ಲಿ ನಿಮಗೆ ಯಾರಾದರೂ ಹೊಡೆಯುತ್ತಾರೆಯೇ?" ಎಂದು ನಾನು ಹೇಗೆ ಕೇಳಲಿ? ಆಶಾ ಕಾರ್ಯಕರ್ತೆ ಮೂರನೇ, ಏಳನೇ, 14ನೇ ದಿನ ಎಂದು 42ನೇ ದಿನದವರೆಗೂ ಮನೆಗೆ ಬರುತ್ತಾರೆ. ಆದರೆ ಬಾಣಂತಿ ಸನ್ನಿ ಎಂದು ನಾವು ಕರೆಯುವ ತೀವ್ರ ಮಾನಸಿಕ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಎರಡು ವಾರಗಳಲ್ಲೇ. ಒಂದೆರಡು ರಾತ್ರಿಗಳಲ್ಲಿ ಅದು ಏರಿಬಿಡಬಹುದು. ಮೂರಕ್ಕೂ ಏಳಕ್ಕೂ ನಡುವಿನ ರಾತ್ರಿಗಳಲ್ಲಿ ನೋಡುವವರು ಮನೆಯವರು ಮಾತ್ರ.

ಕೆಲವು ವರ್ಷಗಳ ಹಿಂದೆ ಮಲ್ಪೆಯ ಕಡೆಯ ಒಬ್ಬಾಕೆ ಎರಡನೇ ಹೆರಿಗೆಗೆ ಹೆಸರು ಬರೆಸಿದ್ದಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡ ಆಳಸಮುದ್ರದ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು, ಕುಡಿತವೂ ಇತ್ತು. ದಿನ ಕೊಟ್ಟದ್ದು ಜುಲೈ ಮೊದಲ ವಾರಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಸಂಪಾದನೆಯಿಲ್ಲ, ಹೊರಗೆ ಎಡೆಬಿಡದ ಮಳೆ, ಮನೆಯೊಳಗೆ ಕುಡಿಯುವ ಗಂಡಸು. ಅಪಾಯ ಅವನಿಂದಲೇ ಎಂದು ನಾನು ಬರೆದುಕೊಂಡೆ. ಅತ್ತೆಯನ್ನು ಕೇಳಿದರೆ ಅದೇ ಉತ್ತರ: ಹೆರಿಗೆ ಆಗಲಿ, ಮತ್ತೆ ನೋಡೋಣ.

ಔಷಧಿ ಕೌಂಟರಿನ ಬಳಿ ನಾದಿನಿ ನನ್ನ ಹಿಂದೆಯೇ ಬಂದಳು. "ಅಕ್ಕ, ಅತ್ತಿಗೆಯ ಒಂದು ವಿಷಯ ಇದೆ, ಅಮ್ಮನಿಗೆ ಹೇಳಬೇಡಿ." ಮೊದಲ ಹೆರಿಗೆಯ ಐದನೇ ದಿನದಿಂದ ಅತ್ತಿಗೆ ಮಲಗಿರಲಿಲ್ಲ. ಮಗು ತನ್ನದಲ್ಲ ಎಂದಿದ್ದಳು. ನಸುಕಿನಲ್ಲಿ ಮಗುವನ್ನು ಎತ್ತಿಕೊಂಡು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತಿದ್ದಳು. ದೆವ್ವದ ಸೋಂಕು ಎಂದು ನೂಲು ಕಟ್ಟಿಸಿದ್ದರು. ಆಮೇಲೆ ಮನೋವೈದ್ಯರು ಕೊಟ್ಟ ಮಾತ್ರೆಯನ್ನು, ಈಗ ಬಸುರಿಯಲ್ಲವೇ ಎಂದು, ಯಾರನ್ನೂ ಕೇಳದೆ ನಿಲ್ಲಿಸಿದ್ದರು. ಬಾವಿಯಿಂದ ಮಗುವನ್ನೂ ಅವಳನ್ನೂ ಹಿಂದಕ್ಕೆ ಕರೆತಂದವನು ಗಂಡ. ಆಗಲೂ ಮಳೆಗಾಲ, ಅವನು ಮನೆಯಲ್ಲಿದ್ದ.

ನನ್ನ ಮೊದಲ ಅಂದಾಜು ತಪ್ಪಾಗಿತ್ತು. ಜನರಿಗೆ ಹೇಗೆ ಹೇಳಿದರೂ ಮುಟ್ಟದ ಒಂದು ಮಾತು ಇಲ್ಲಿದೆ. ನಾವು ಹುಡುಕುವುದು ಕೆಟ್ಟ ತಾಯಿಯನ್ನಲ್ಲ. ತಾಯಿ ಒಳ್ಳೆಯವಳೇ ಎಂಬ ಪ್ರಶ್ನೆಯೇ ನಮ್ಮದಲ್ಲ. ರಾತ್ರಿ ಮಗುವಿನ ಪಕ್ಕದಲ್ಲಿ ಯಾರು ಮಲಗುತ್ತಾರೆ? ಎರಡು ರಾತ್ರಿ ಅವಳಿಗೆ ನಿದ್ದೆ ಬಾರದಿದ್ದರೆ ಯಾರಿಗೆ ಮೊದಲು ಗೊತ್ತಾಗುತ್ತದೆ? ತಾಯಿಗೆ ಅಪಸ್ಮಾರ, ಅಂದರೆ ಮೂರ್ಛೆರೋಗ, ಇದ್ದರೆ ಮಗುವನ್ನು ಮೀಯಿಸುವಾಗ ಜೊತೆಗೆ ಇನ್ನೊಬ್ಬರು ಇರುತ್ತಾರೆಯೇ? ಹೊಡೆತ ಬಿದ್ದರೆ ಮಗುವಿನೊಂದಿಗೆ ಅವಳು ಹೋಗಿ ನಿಲ್ಲಬಹುದಾದ ಮನೆ ಯಾವುದು, ಆಟೋ ಹಣ ಯಾರ ಕೈಯಲ್ಲಿದೆ? ಕೇಳುವುದು ಇಷ್ಟೇ. ತಾಯಿಯನ್ನು ಪ್ರಾಣದಂತೆ ಪ್ರೀತಿಸುವ ಮನೆಯಲ್ಲೂ ಇದಕ್ಕೆ ಉತ್ತರವಿಲ್ಲದೆ ಇರಬಹುದು. ಜಗಳದ ಮನೆಯಲ್ಲೂ ಒಬ್ಬ ಗಟ್ಟಿ ನಾದಿನಿ ಇರಬಹುದು. ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆಯುತ್ತಾರೆ, ಅಪಾಯವಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಅದನ್ನು ಅವಮಾನವೆಂದು ಯಾರೂ ತಿಳಿಯುವುದಿಲ್ಲ. ಮನೆಯ ವಿಷಯ ಕೇಳಿದರೆ ಮಾತ್ರ ಮುಖ ಬಿಗಿಯುತ್ತದೆ.

ಭಯ ಯಾವುದೆಂದು ಬಲ್ಲೆ: ಬರೆದುಕೊಂಡು ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬುದು. ಇಂಗ್ಲೆಂಡಿನಲ್ಲಿ ಗರ್ಭದಲ್ಲಿರುವ ಮಗುವಿನ ಬಗ್ಗೆಯೇ ರಕ್ಷಣಾ ಸಭೆ ಕರೆಯುವ ಪದ್ಧತಿಯಿದೆ. ನಮ್ಮಲ್ಲಿ ರಕ್ಷಣೆ ಬೇಕಾದ ಮಕ್ಕಳ ವಿಷಯ ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಯ ಅಧಿಕಾರ ಮಗು ಹುಟ್ಟಿದ ಮೇಲಿನದು. 2015ರ ಬಾಲ ನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎನ್ನುತ್ತದೆ. ಆದರೆ ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆಂದು ನಾನು ಮಾತು ಕೊಡಲಾರೆ. ಗರ್ಭಿಣಿಗೆ 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಹುಟ್ಟಿದ ಮಗುವನ್ನು ಆಸ್ಪತ್ರೆಯಿಂದಲೇ ಪರಿಚಯದವರಿಗೆ ಕೊಟ್ಟು ಅವರ ಹೆಸರಿನಲ್ಲಿ ದಾಖಲೆ ಮಾಡಿಸುವ ಮಾತು ಬಂದರೂ ಗುಟ್ಟಾಗಿ ಇಡಲಾರೆ. ಸಾಕಲು ಆಗದವರು ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವೂ ಇದೆ.

ಮಲ್ಪೆಯ ಆಕೆಯ ವಿಷಯದಲ್ಲಿ ಮನೋವೈದ್ಯರೂ ಹೆರಿಗೆ ವೈದ್ಯರೂ ಒಟ್ಟಿಗೆ ಕುಳಿತು ಔಷಧಿ ನಿರ್ಧರಿಸಿದರು. ಅದು ಅವರ ಕೆಲಸ, ನನ್ನದಲ್ಲ. ಒಮ್ಮೆ ಬಂದವರಿಗೆಲ್ಲ ಕಾಯಿಲೆ ಮರಳುತ್ತದೆ ಎಂದೂ ಅಲ್ಲ, ಸಾಧ್ಯತೆ ಬಹಳ ಹೆಚ್ಚು ಎಂದಷ್ಟೇ. ರಾತ್ರಿಯ ಪಾಳಿಯನ್ನು ಗಂಡ, ನಾದಿನಿ ಹಂಚಿಕೊಂಡರು. ಆರನೇ ರಾತ್ರಿ ಅವಳು ಮಲಗಲಿಲ್ಲ. ಏಳನೇ ದಿನ ಬೆಳಿಗ್ಗೆ, ಮಳೆಯಲ್ಲಿ ನೆನೆದುಕೊಂಡೇ, ಗಂಡ ಅವಳನ್ನು ಕರೆತಂದ. ಮಗು ನಾದಿನಿಯ ಸೆರಗಿನೊಳಗೆ ಬೆಚ್ಚಗಿತ್ತು. ಆಗಸ್ಟ್‌ನಲ್ಲಿ ಅವನು ಮತ್ತೆ ಕಡಲಿಗೆ ಇಳಿಯುವ ಮೊದಲು ಕುಂದಾಪುರದಿಂದ ಅವಳ ಅಕ್ಕ ಬಂದು ಉಳಿದಳು. ಆ ಏರ್ಪಾಡನ್ನು ನಾವು ಮೇ ತಿಂಗಳಲ್ಲೇ ಮಾಡಿದ್ದೆವು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಏಳನೇ ತಿಂಗಳ ತಪಾಸಣೆಗೆ ಬರುವಾಗ, ರಾತ್ರಿ ಅವಳ ಜೊತೆ ಮಲಗುವವರನ್ನೂ ಕರೆತನ್ನಿ. ಹಿಂದಿನ ಬಾಣಂತನದಲ್ಲಿ ಏನಾದರೂ ಆಗಿದ್ದರೆ ವೈದ್ಯರಿಗೆ ಹೇಳಿ. ಎಲ್ಲರೆದುರು ಹೇಳಲು ಸಂಕೋಚವಾದರೆ ಔಷಧಿ ಕೌಂಟರಿನ ಬಳಿಯಾದರೂ ನಮ್ಮಂಥವರನ್ನು ನಿಲ್ಲಿಸಿ ಹೇಳಿ.