ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡಿ

ಕಾಸರಗೋಡಿನಲ್ಲಿ ಕಾರು ಕಲಿಯುವವರಿಗೆ ದೊಡ್ಡ ಚಿಂತೆ 'ಎಚ್' ಹಾಕುವುದು, ಅಂದರೆ ಲೈಸೆನ್ಸ್ ಪರೀಕ್ಷೆಯಲ್ಲಿ ಇಂಗ್ಲಿಷಿನ H ಅಕ್ಷರದ ಆಕಾರದಲ್ಲಿ ಕಾರು ಓಡಿಸಿ ತೋರಿಸುವುದು. ಸಮತಟ್ಟಾದ ಮೈದಾನ, ಸುತ್ತ ನೆಟ್ಟ ಕಂಬಗಳು, ಒಂದಕ್ಕೂ ತಾಗದೆ ಹಿಂದೆ ಮುಂದೆ ಹೋಗಿ ಬಂದರೆ ಅರ್ಧ ಗೆದ್ದ ಹಾಗೆ. ಸ್ಟಿಯರಿಂಗ್ ಹಿಡಿತಕ್ಕೆ ಇದು ಒಳ್ಳೆಯ ಅಭ್ಯಾಸವೇ. ಆದರೆ ಲೈಸೆನ್ಸ್ ಸಿಕ್ಕಿದ ಮೇಲೆ ಅದೇ ಹುಡುಗ ತಲಪಾಡಿಯಲ್ಲಿ ಆರು ಲೇನಿನ ಹೆದ್ದಾರಿಗೂ ಏರುತ್ತಾನೆ, ಬಾಯಾರು, ಪೆರ್ಲ, ಅಡೂರು ಕಡೆಯ ಗುಡ್ಡೆ ಮಾರ್ಗಕ್ಕೂ ಇಳಿಯುತ್ತಾನೆ. ಕಾರು ಒಂದೇ. ಅಪಾಯ ಬರುವ ಬಗೆ ಬೇರೆ.

ಹೆದ್ದಾರಿಯ ಲೆಕ್ಕ ಸುಲಭ. ವೇಗ ಎರಡು ಪಟ್ಟಾದರೆ ಕಾರಿನ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಎದುರು ಏನೋ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಗಂಟೆಗೆ 40 ಕಿಲೋಮೀಟರಿನಲ್ಲಿ, ಒಣಗಿದ ಮಾರ್ಗದಲ್ಲಿ ಕಾರು ನಿಲ್ಲಲು ಸುಮಾರು 26 ಮೀಟರ್ ಬೇಕು. 80ರಲ್ಲಾದರೆ 69 ಮೀಟರ್. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಊರೊಳಗಿನ ಮಾರ್ಗದಲ್ಲಿ ಪಳಗಿದ ಕಣ್ಣು ಹತ್ತಿರದ್ದನ್ನೇ ನೋಡುತ್ತದೆ. ಹೆದ್ದಾರಿಗೆ ದೂರ ನೋಡುವ ಅಭ್ಯಾಸ ಬೇಕು, ಅದನ್ನು ಹೆದ್ದಾರಿಯಲ್ಲೇ ಕಲಿಸಬೇಕು.

ಗುಡ್ಡೆಯ ವಿಷಯ ಇಷ್ಟು ಸುಲಭ ಇಲ್ಲ. ಇಲ್ಲಿ ನನಗೆ ತಡೆಯಲಾಗದ ಒಂದು ಮಾತಿದೆ: "ಇಳಿಯುವಾಗ ನ್ಯೂಟ್ರಲ್ ಹಾಕು, ಪೆಟ್ರೋಲ್ ಉಳಿಯುತ್ತದೆ." ನ್ಯೂಟ್ರಲ್ ಅಂದರೆ ಯಾವ ಗೇರೂ ಇಲ್ಲದೆ, ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪಿಸುವುದು. ಹಿರಿಯರು ಹೇಳುತ್ತಾರೆ, ಕಿರಿಯರು ಕೇಳುತ್ತಾರೆ. ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಇದ್ದ ಅಂಬಾಸಿಡರ್ ಕಾಲದಲ್ಲಿ ಈ ಮಾತಿಗೆ ಆಧಾರ ಇತ್ತು. ಆ ಇಂಜಿನ್ನುಗಳು ಗೇರಿನಲ್ಲಿ ಇಳಿಯುವಾಗಲೂ ಗಾಳಿಯ ಜೊತೆ ಸ್ವಲ್ಪ ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇದ್ದವು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಲೆಕ್ಕ ತಿರುಗಿಬಿಟ್ಟಿತು. ಗೇರಿನಲ್ಲಿ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈಗಿನ ಇಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದಿರೋ, ಇಂಜಿನ್ ಆರದ ಹಾಗೆ ನೋಡಿಕೊಳ್ಳಲು ಅದು ಮತ್ತೆ ಪೆಟ್ರೋಲ್ ಉರಿಸಲೇಬೇಕು. ಅಂದರೆ ಉಳಿತಾಯಕ್ಕೆ ಅಂತ ಮಾಡುವ ಕೆಲಸದಲ್ಲೇ ನಷ್ಟ.

ಕೀ ತಿರುಗಿಸಿ ಇಂಜಿನ್ನನ್ನೇ ಆರಿಸುವವರೂ ಇದ್ದಾರೆ. ಬ್ರೇಕಿಗೆ ನಮ್ಮ ಕಾಲಿನ ಬಲ ಸಾಲದೆ ಹೋದಾಗ ನೆರವಾಗುವುದು ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರ್. ಇಂಜಿನ್ ಆರಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದರ ನೆರವು ಮುಗಿಯುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗಿನ ನೆರವೂ ಹೋಗುತ್ತದೆ.

ನಿಜವಾದ ಕಥೆ ಇರುವುದು ಶಾಖದಲ್ಲಿ. ಜನರೂ ಸೇರಿ 1000 ಕಿಲೋ ತೂಗುವ ಕಾರು 300 ಮೀಟರ್ ಎತ್ತರದಿಂದ ಇಳಿಯಿತು ಅನ್ನಿ. ಸುಮಾರು 30 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಹತ್ತು ಲೀಟರ್ ತಣ್ಣೀರನ್ನು ಕುದಿಯುವ ತನಕ ಬಿಸಿ ಮಾಡಲು ಅಷ್ಟು ಸಾಕು. ನ್ಯೂಟ್ರಲಿನಲ್ಲಿ ಇಳಿದರೆ ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ತಲೆಗೇ ಬರುತ್ತದೆ. ಪ್ಯಾಡುಗಳು ಕಾದು ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಬೇರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಕುಡಿದದ್ದಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ನಮ್ಮ ಕರಾವಳಿಯ ಮಳೆಗಾಲ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿಟ್ಟರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಕೆಲವು ತಿರುವುಗಳಲ್ಲಿ ಮತ್ತೆ ಮತ್ತೆ ಅಪಘಾತವಾದಾಗ "ಆ ಜಾಗ ಸರಿ ಇಲ್ಲ" ಅನ್ನುತ್ತೇವೆ. ನಿಂಬೆಹುಳಿ ಕೊಯ್ದು ಹಾಕುತ್ತೇವೆ. ನನಗೆ ಇದು ಬೇಸರ ತರುತ್ತದೆ, ಯಾಕೆಂದರೆ ಕಾರಣ ಎಷ್ಟೋ ಸಲ ಕಣ್ಣೆದುರೇ ಇರುತ್ತದೆ. ಆ ತಿರುವಿಗಿಂತ ಮೇಲೆ ಉದ್ದದ ಇಳಿಜಾರು ಇದೆಯಾ ನೋಡಿ. ಬ್ರೇಕ್ ಅತಿ ಹೆಚ್ಚು ಕಾದಿರುವುದು ಇಳಿಜಾರು ಮುಗಿಯುವ ಕೊನೆಯ ತಿರುವಿನಲ್ಲೇ.

ಕೆಳಗಿನ ಗೇರು ಈ ಶಾಖದ ಭಾರವನ್ನು ಹಂಚಿಕೊಳ್ಳುತ್ತದೆ. ಸಿರಿಂಜಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಎಳೆದು ನೋಡಿ. ಕೈಗೆ ಎಷ್ಟು ಬಿಗಿ ತಾಗುತ್ತದೆ! ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಇಂಜಿನ್ನಿನ ಗಾಳಿಯ ಬಾಗಿಲೂ ಹಾಗೆಯೇ ಮುಚ್ಚಿರುತ್ತದೆ, ಪಿಸ್ಟನ್ನುಗಳು ನಿಮಿಷಕ್ಕೆ ಸಾವಿರಾರು ಸಲ ಆ ಬಿಗಿಯ ವಿರುದ್ಧ ಎಳೆಯುತ್ತವೆ. ಗೇರು ಕಡಿಮೆಯಾದಷ್ಟೂ ಇಂಜಿನ್ ಬೇಗ ತಿರುಗುತ್ತದೆ, ತಡೆ ಹೆಚ್ಚುತ್ತದೆ. ಡೀಸೆಲ್ ಇಂಜಿನ್ನಿಗೆ ಇಂಥ ಬಿಗಿ ಕಡಿಮೆ. ಅದಕ್ಕೇ ದೊಡ್ಡ ಲಾರಿಗಳಿಗೆ, ಹೊಗೆ ಹೋಗುವ ದಾರಿಯನ್ನು ಅಡ್ಡಗಟ್ಟಿ ಇಂಜಿನ್ನಿನ ತಡೆ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಕೊಡುವುದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅನ್ನುವ ಹಳೆಯ ಚಾಲಕರ ಮಾತು ಇವತ್ತಿಗೂ ಸರಿ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಬೇಕು.

ಕಾನೂನಿನಲ್ಲಿ ಗುಡ್ಡೆ ಇಲ್ಲದೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡುವುದೂ ಪರೀಕ್ಷೆಯ ಭಾಗ. ಇಳಿಯುವುದನ್ನೂ ಇಷ್ಟೇ ಗಂಭೀರವಾಗಿ ಕಲಿಸಬೇಕು ಅನ್ನುವುದು ನನ್ನ ಹಟ. ಲೈಸೆನ್ಸಿಗೆ ಮೊದಲು ಒಂದು ದಿನವಾದರೂ ಶಿಷ್ಯನನ್ನು ಗುಡ್ಡೆಗೆ ಕರೆದುಕೊಂಡು ಹೋಗಿ, ಎರಡನೇ ಗೇರಿನಲ್ಲಿ ಇಳಿಸಿ, ಇಂಜಿನ್ನಿನ ಸದ್ದು ಏರುವುದನ್ನು ಕೇಳಿಸಬೇಕು. ಹೊಸಬರು ಆ ಸದ್ದಿಗೇ ಹೆದರಿ ಗೇರು ಬದಲಾಯಿಸುತ್ತಾರೆ.

ಸ್ಕೂಟರಿನವರ ಪಾಡು ಬೇರೆ. ಅದರಲ್ಲಿ ಗೇರೇ ಇಲ್ಲ, ವೇಗ ತೀರಾ ಕಡಿಮೆಯಾದಾಗ ಕ್ಲಚ್ ತಾನಾಗಿ ಬಿಟ್ಟುಕೊಂಡು ಇಂಜಿನ್ನಿನ ತಡೆಯೂ ಹೋಗುತ್ತದೆ. ಹಿಂದಿನ ಬ್ರೇಕನ್ನೇ ಉದ್ದಕ್ಕೂ ಹಿಡಿದು ಇಳಿಯುವವರು ಜಾಸ್ತಿ. ಎರಡೂ ಬ್ರೇಕನ್ನು ಸೇರಿಸಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ಇಳಿಯಬೇಕು. ಉದ್ದದ ಇಳಿಜಾರಾದರೆ ನಡುವೆ ಬದಿಗೆ ನಿಲ್ಲಿಸಿ, ಬ್ರೇಕ್ ತಣಿದ ಮೇಲೆ ಹೊರಡಬೇಕು.