1934ರ ಗ್ರೀನ್‌ಬರ್ಗ್ ಕಾರ್ಡ್ ಅಸಲಿಯೋ ನಕಲಿಯೋ, ತಿಳಿಯುವುದು ಹೇಗೆ?

ಪ್ರಶ್ನೆ: ಯಹೂದಿ ಬೇಸ್‌ಬಾಲ್ ಆಟಗಾರರ ಹಳೆಯ ಚಿತ್ರ ಕಾರ್ಡ್‌ಗಳನ್ನು ಕೂಡಿಡಲು ಶುರು ಮಾಡಿದ್ದೇನೆ. ಹ್ಯಾಂಕ್ ಗ್ರೀನ್‌ಬರ್ಗ್ ಅವರ 1934ರ ಗೌಡಿ ಕಾರ್ಡ್ ಒಂದು ಮಾರಾಟಕ್ಕಿದೆ. ಗ್ರೇಡಿಂಗ್ (ಪರಿಣತ ಕಂಪನಿ ಪರೀಕ್ಷಿಸಿ ಕಾರ್ಡಿನ ಸ್ಥಿತಿಗೆ ಅಂಕ ಕೊಡುವುದು) ಆಗಿಲ್ಲ. ಅಸಲಿ ಹೌದೋ ಅಲ್ಲವೋ ನಾನೇ ಪರೀಕ್ಷಿಸಬಹುದೇ?

ಉತ್ತರ: ಪರೀಕ್ಷಿಸಬಹುದು. ಆದರೆ ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ನಕಲು ಮಾಡುವವರಿಗೆ ಅತಿ ಸುಲಭವಾಗಿ ಒಲಿಯುವುದೇ ಚಿತ್ರ. ಅವರಿಗೆ ಒಲಿಯದಿರುವುದು 1934ರ ರಟ್ಟು ಮತ್ತು ಶಾಯಿ.

ಈ ಕಾರ್ಡಿಗೇ ಇಷ್ಟು ನಕಲುಗಳು ಏಕೆ ಎಂಬುದಕ್ಕೆ ಕಾರಣವಿದೆ. ಬಾಸ್ಟನ್‌ನ ಗೌಡಿ ಗಮ್ ಕಂಪನಿ ಚೂಯಿಂಗ್ ಗಮ್ ಜೊತೆ ಕೊಡುತ್ತಿದ್ದ 96 ಕಾರ್ಡ್‌ಗಳ ಆ ವರ್ಷದ ಸೆಟ್‌ನಲ್ಲಿ ಗ್ರೀನ್‌ಬರ್ಗ್ ಅವರದು 62ನೇ ಸಂಖ್ಯೆ. ಅದೇ ಅವರ ರೂಕಿ ಕಾರ್ಡ್, ಅಂದರೆ ವೃತ್ತಿಜೀವನದ ಶುರುವಿನ ಕಾರ್ಡ್. ಅದೇ ವರ್ಷ ಸೆಪ್ಟೆಂಬರ್ 10ರಂದು, ಯಹೂದಿಗಳ ಹೊಸ ವರ್ಷದ ದಿನ, ಆಡಬೇಕೋ ಬೇಡವೋ ಎಂಬ ತೊಳಲಾಟದ ನಡುವೆ ಮೈದಾನಕ್ಕಿಳಿದ ಅವರು ಎರಡು ಹೋಮ್ ರನ್ ಹೊಡೆದು ತಮ್ಮ ತಂಡ ಡೆಟ್ರಾಯಿಟ್‌ಗೆ ಬಾಸ್ಟನ್ ವಿರುದ್ಧ 2–1ರ ಗೆಲುವು ತಂದರು. ಒಂಬತ್ತು ದಿನ ಕಳೆದು ಯೋಮ್ ಕಿಪ್ಪುರ್ ಉಪವಾಸದ ದಿನ ಬಂದಾಗ, ತಂಡ ಚಾಂಪಿಯನ್ ಪಟ್ಟದ ಹೊಸ್ತಿಲಲ್ಲಿದ್ದರೂ ಆಡಲಿಲ್ಲ. ಆ ವರ್ಷದ ಕಾರ್ಡ್ ಇದು. ಯಹೂದಿ ಆಟಗಾರರ ಕಾರ್ಡ್ ಹುಡುಕುವವರೆಲ್ಲ ಮೊದಲು ಕೈಚಾಚುವುದೇ ಇದಕ್ಕೆ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚಿಲ್ಲ: ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟಿನ ಭೂತಗನ್ನಡಿ, ಮಿಲಿಮೀಟರ್ ಅಳೆಯುವ ಕ್ಯಾಲಿಪರ್, 365 ನ್ಯಾನೋಮೀಟರ್‌ನ ಯುವಿ ಟಾರ್ಚ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅದೇ 1934ರ ಸೆಟ್‌ನ, ಅಷ್ಟೇನೂ ಹೆಸರು ಮಾಡದ ಆಟಗಾರನ, ಮೂಲೆ ಸವೆದ ಒಂದು ಅಗ್ಗದ ಕಾರ್ಡ್. 1ರಿಂದ 48ರವರೆಗಿನ ಸಂಖ್ಯೆಗಳಲ್ಲಿ ಆರಿಸಿ. 73ರಿಂದ ಮೇಲಿನವು ವಿರಳ, ದುಬಾರಿ. ಇದನ್ನು ಮಾತ್ರ ಈಗಾಗಲೇ ಗ್ರೇಡ್ ಆದದ್ದನ್ನೋ ನಂಬಿಕಸ್ತ ವ್ಯಾಪಾರಿಯಿಂದಲೋ ಕೊಳ್ಳಿ. ಅಸಲಿ ಹೇಗಿರುತ್ತದೆಂದು ಕೈಗೆ ಗೊತ್ತಿಲ್ಲದಿದ್ದರೆ ಉಳಿದ ಯಾವ ಪರೀಕ್ಷೆಯೂ ಪೂರ್ತಿ ಪ್ರಯೋಜನಕ್ಕೆ ಬರುವುದಿಲ್ಲ.

ಮೊದಲು ಅಳತೆ. ಗೌಡಿ ಕಾರ್ಡ್ 2⅜ × 2⅞ ಇಂಚು, ಅಂದರೆ ಸುಮಾರು 60 × 73 ಮಿಲಿಮೀಟರ್. ಕಾರ್ಖಾನೆಯ ಕತ್ತರಿಕೆಯಲ್ಲೇ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿತ್ತು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಮೂರು ಅಂಚು ಸವೆದು ನಾಲ್ಕನೆಯದು ಮಾತ್ರ ಬ್ಲೇಡಿನಂತೆ ಚೂಪಾಗಿದ್ದರೆ ಯಾರೋ ಟ್ರಿಮ್ ಮಾಡಿದ್ದಾರೆ, ಅಂದರೆ ಸವೆದ ಅಂಚನ್ನು ಕತ್ತರಿಸಿದ್ದಾರೆ ಎಂದು ಸಂಶಯ ಪಡಿ. ಟ್ರಿಮ್ ಆದ ಕಾರ್ಡ್ ಅಸಲಿಯೇ ಆದರೂ ಗ್ರೇಡಿಂಗ್ ಕಂಪನಿಗಳು ಅದಕ್ಕೆ ಅಂಕ ಕೊಡುವುದಿಲ್ಲ, ಬೆಲೆ ಗಣನೀಯವಾಗಿ ಬೀಳುತ್ತದೆ.

ಆಮೇಲೆ ಕಾರ್ಡ್ ತಿರುಗಿಸಿ. ಅಸಲಿನ ಹಿಂಬದಿಯ ಬರಹ ಒಂದೇ ಹಸಿರು ಶಾಯಿಯಲ್ಲಿ ಅಚ್ಚಾಗಿದೆ. ಭೂತಗನ್ನಡಿಯಲ್ಲಿ ಒಂದೇ ಒಂದು ಅಕ್ಷರ ಹಿಡಿದು ನೋಡಿ: ಒಳಗೆಲ್ಲ ತುಂಬಿದ ಹಸಿರು, ಅಂಚಿನಲ್ಲಿ ರಟ್ಟಿನ ನಾರಿಗೆ ಶಾಯಿ ಕೊಂಚ ಹರಡಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಅದೇ ಅಕ್ಷರ ನೀಲಿ ಮತ್ತು ಹಳದಿ ಚುಕ್ಕೆಗಳಾಗಿ ಒಡೆಯುತ್ತದೆ, ಏಕೆಂದರೆ ಇಂದಿನ ಯಂತ್ರಗಳು ಹಸಿರನ್ನು ಆ ಎರಡು ಬಣ್ಣ ಕೂಡಿಸಿಯೇ ಮಾಡುವುದು. ಇಷ್ಟು ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಮುಂಬದಿಯ ಚಿತ್ರದಲ್ಲಿ ಚುಕ್ಕೆ ಕಂಡು ಮಾತ್ರ ಗಾಬರಿಯಾಗಬೇಡಿ; ಆ ಕಾಲದ ಬಣ್ಣದ ಮುದ್ರಣದಲ್ಲೂ ಚುಕ್ಕೆಗಳಿದ್ದವು. ಅನೇಕರು ಮುಂಬದಿಯನ್ನಷ್ಟೇ ನೋಡಿ ಎಡವುವುದು ಇಲ್ಲಿಯೇ.

ಹಿಂಬದಿಯಲ್ಲಿ ಇನ್ನೊಂದು ಕೆಲಸವಿದೆ. ಪ್ರಾಮಾಣಿಕ ಮರುಮುದ್ರಣಗಳ ಮೇಲೆ ಹಾಗೆಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಮೋಸಗಾರರು ಆ ಅಕ್ಷರಗಳನ್ನು ಕೆರೆದು, ಮೇಲೆ ಮಣ್ಣೋ ಚಹಾ ಕಲೆಯೋ ಹಚ್ಚುತ್ತಾರೆ. ದೀಪವನ್ನು ಪಕ್ಕದಿಂದ, ಕಾರ್ಡಿನ ಮಟ್ಟಕ್ಕೇ ಹಿಡಿಯಿರಿ. ಕೆರೆದ ಜಾಗ ತೆಳ್ಳಗಾಗಿ, ನಾರೆದ್ದು, ಸುತ್ತಲಿನ ನಯಕ್ಕಿಂತ ಬೇರೆಯಾಗಿ ಕಾಣುತ್ತದೆ.

ಅದೇ ಓರೆ ಬೆಳಕಿನಲ್ಲಿ ಮಡಿಕೆಗಳನ್ನೂ ನೋಡಿಬಿಡಿ. ನಿಜವಾಗಿ ಮಡಿಕೆ ಬಿದ್ದಲ್ಲಿ ಶಾಯಿ ಬಿರಿದು ಒಳಗಿನ ರಟ್ಟು ಇಣುಕುತ್ತದೆ, ಏಣು ಎದ್ದು ಕಾಣುತ್ತದೆ. ಸವೆದ ಅಸಲಿನ ಫೋಟೋದಿಂದ ಮಾಡಿದ ನಕಲಿನಲ್ಲಿ ಮಡಿಕೆ ಬರೀ ಗೆರೆಯಾಗಿ ಅಚ್ಚಾಗಿರುತ್ತದೆ. ಓರೆ ಬೆಳಕಿಗೆ ಆ ಜಾಗ ಚಪ್ಪಟೆ. ಮೂಲೆಗಳೂ ಹಾಗೆಯೇ. ತೊಂಬತ್ತು ವರ್ಷದ ಕೈಬಳಕೆಯಲ್ಲಿ ನಾಲ್ಕೂ ಮೂಲೆ ಒಂದೇ ಸಮ ಸವೆಯುವುದು ಅಪರೂಪ. ಉಪ್ಪುಕಾಗದಕ್ಕೆ ಉಜ್ಜಿದಂತೆ ನಾಲ್ಕೂ ಒಂದೇ ದುಂಡಗಿದ್ದು, ನಾರಿನೊಳಗೆ ಕೊಳೆ ಇಲ್ಲದಿದ್ದರೆ ನಂಬಬೇಡಿ.

ಕೊನೆಗೆ ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ಸುಮಾರಿಗೆ. ಹಾಗಾಗಿ 1934ರ ರಟ್ಟು ಮಂಕಾಗಿಯೇ ಉಳಿಯಬೇಕು. ನೀಲಿಬಿಳಿಯಾಗಿ ಹೊಳೆದರೆ ಹೊಸ ಕಾಗದ. ಆದರೆ ಹೊಳೆಯಲಿಲ್ಲ ಎಂಬ ಮಾತ್ರಕ್ಕೆ ಅಸಲಿ ಎನ್ನಲಾಗದು. ಹಳೆಯ ಪುಸ್ತಕದ ಖಾಲಿ ರಟ್ಟಿನ ಮೇಲೆ ಅಚ್ಚು ಹಾಕುವವರೂ ಇದ್ದಾರೆ. ಅದಕ್ಕೇ ಹಸಿರು ಅಕ್ಷರದ ಪರೀಕ್ಷೆಗೆ ನಾವು ಹೆಚ್ಚು ತೂಕ ಕೊಡುವುದು.

ಇನ್ನೊಬ್ಬ ಯಹೂದಿ ಆಟಗಾರ ಮೋ ಬರ್ಗ್ ಅವರ 1933ರ ಗೌಡಿ ಕಾರ್ಡ್‌ಗೆ, ಸಂಖ್ಯೆ 158, ಈ ವಿಧಾನ ಹಾಗೆಯೇ ಹೊಂದುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರನಾಗಿದ್ದ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಆಟಗಾರ) ಎಂಬ ಕಾರಣಕ್ಕೆ ಅವರ ಕಾರ್ಡಿಗೂ ಒಳ್ಳೆಯ ಬೇಡಿಕೆಯಿದೆ. ಸ್ಯಾಂಡಿ ಕೋಫ್ಯಾಕ್ಸ್ ಅವರ 1955ರ ಟಾಪ್ಸ್ ಕಂಪನಿಯ ರೂಕಿ ಕಾರ್ಡ್, ಸಂಖ್ಯೆ 123, ಬಂದಾಗ ಮಾತ್ರ ಯುವಿ ಟಾರ್ಚನ್ನು ಕೊನೆಯ ತೀರ್ಪೆಂದು ಹಿಡಿಯಬೇಡಿ; ಅಷ್ಟರಲ್ಲಿ ಆ ರಾಸಾಯನಿಕಗಳು ಬಂದಾಗಿತ್ತು. ಅಲ್ಲಿ ಅಳತೆ ಹೆಚ್ಚು ನೆರವಾಗುತ್ತದೆ. ಅಸಲಿ 2⅝ × 3¾ ಇಂಚು, ಮರುಮುದ್ರಣಗಳಲ್ಲಿ ಅನೇಕವು ಇಂದಿನ 2½ × 3½ ಇಂಚಿನವು.

ದೂರದ ಮಾರಾಟಗಾರನಾದರೆ ಹಣ ಕೊಡುವ ಮೊದಲು ಮೂರು ಚಿತ್ರ ಕೇಳಿ: ಹಿಂಬದಿಯ 600 ಡಿಪಿಐ ಸ್ಕ್ಯಾನ್, ಓರೆ ಬೆಳಕಿನಲ್ಲಿ ಮುಂಬದಿ, ಅಳತೆಪಟ್ಟಿಯ ಪಕ್ಕ ಕಾರ್ಡ್. ಜೊತೆಗೆ, ಅಸಲಿ ಅಲ್ಲದಿದ್ದರೆ ಹಣ ವಾಪಸ್ ಎಂಬ ಮಾತು ಬರಹದಲ್ಲಿ. ಇದಕ್ಕೆ ಒಪ್ಪದವರಿಂದ ಇಷ್ಟು ಬೆಲೆಯ ಕಾರ್ಡ್ ಕೊಳ್ಳಬಾರದು.

ಕೈಗೆ ಬಂದ ಮೇಲೆ ರಬ್ಬರ್ ಹಾಕಿ ಕೊಳೆ ಉಜ್ಜುವುದು, ಪುಸ್ತಕದಡಿ ಒತ್ತಿ ಮಡಿಕೆ ತೆಗೆಯುವುದು, ಮೂಲೆಗೆ ಬಣ್ಣ ತಾಗಿಸುವುದು ಬೇಡವೇ ಬೇಡ. ತಿದ್ದಿದ್ದು ಗ್ರೇಡಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ. ಪಿವಿಸಿ ಹಾಳೆಯಲ್ಲೂ ಇಡಬೇಡಿ. ಇಂದಿನ ಕಾರ್ಡಿನ ಅಳತೆಯ ಗಟ್ಟಿ ಕವಚದಲ್ಲಿ ಗೌಡಿ ಕಾರ್ಡ್ ಸಡಿಲವಾಗಿ ಜಾರಾಡಿ, ಇಷ್ಟು ವರ್ಷ ಉಳಿದ ಮೂಲೆಗಳು ಅಂಚೆಯಲ್ಲೇ ಜಜ್ಜಿಹೋಗುತ್ತವೆ. ಅದರ ಅಳತೆಗೇ ಸಿಗುವ ಪಾಲಿಪ್ರೊಪಿಲೀನ್ ತೆಳು ಚೀಲದಲ್ಲಿ ಸೇರಿಸಿ, ಆಮೇಲೆ ಅರೆಗಟ್ಟಿ ಕವಚಕ್ಕೆ ಹಾಕಿ.